ಮರ್ಯಾದಸ್ಥರ ರಗ್ಬಿ ತಂಡಕ್ಕೆ ಆಂಟಿ ಸೇರಿದ್ದು

ನಮ್ಮ ಯಜಮಾನರು ಮಂಚದ ಕೆಳಗಿನ ಸೂಟ್‌ಕೇಸ್ ಎಳೆದುಕೊಡಿ ಎಂದರೆ ಬೆನ್ನು ಹಿಡಿದುಕೊಳ್ಳುವವರು. ಅಂಥವರು ಒಂದು ಸಂಜೆ ಸಿಂಗಪುರದ ಪಾಯಾ ಲೆಬಾರ್‌ನ ಆಫೀಸಿನಿಂದ ಬಂದು, ಶೂ ಬಿಚ್ಚುವ ಮೊದಲೇ, ತಾವು ರಗ್ಬಿ ಲೀಗ್ ತಂಡದ ಕ್ಯಾಪ್ಟನ್ ಆಗಿರುವುದಾಗಿ ಹೇಳಿದರು. ಬೇರೆ ಯಾರೂ ಸಿಗಲಿಲ್ಲವೇ ಎಂದು ಕೇಳಿದೆ. ಸಿಗಲಿಲ್ಲ ಎಂದು ಅವರೇ ಒಪ್ಪಿಕೊಂಡರು.

ಇದಕ್ಕೆಲ್ಲ ಕಾರಣ ಅವರ ಬಾಸ್. ಆಸ್ಟ್ರೇಲಿಯಾದವನು. ಅವನ ಪ್ರಕಾರ ಮನುಷ್ಯನ ಗುಣ ತಿಳಿಯುವುದು ಅವನು ಚೆಂಡು ಹಿಡಿದು ಓಡುವಾಗ. ನಮ್ಮವರ ಗುಣ ಅವನಿಗೆ ಎಕ್ಸೆಲ್ ಶೀಟಿನಲ್ಲಿ ಗೊತ್ತಾಗಿರಲಿಲ್ಲವಂತೆ. ಭಾನುವಾರದ ಬೆಳಿಗ್ಗೆ ಆಫೀಸಿನವರೂ ಬಡಾವಣೆಯವರೂ ಸೇರಿ ಆಡುವ ಒಂದು ಪುಟ್ಟ ಲೀಗ್ ಇತ್ತು. ಅದಕ್ಕೆ ನಮ್ಮ ಬೆಂಗಳೂರು ಮೈಸೂರಿನ ಸಾಫ್ಟ್‌ವೇರ್ ದಂಡನ್ನು ಸೇರಿಸಿಬಿಟ್ಟ. ಟಿವಿಯಲ್ಲಿ ಬರುವ ರಗ್ಬಿ ಲೀಗ್‌ನಂತೆ ಗುದ್ದಿ ಕೆಡಹುವ ಆಟ ಅದಲ್ಲ, ಗಂಡಸರು ಹೆಂಗಸರು ಒಟ್ಟಿಗೆ ಆಡುವ ಸಾಧು ಆಟ. ಪ್ರತಿಯೊಬ್ಬರ ಸೊಂಟದ ಎರಡು ಬದಿಗೂ ಒಂದೊಂದು ಬಟ್ಟೆಯ ಪಟ್ಟಿ ಅಂಟಿಸಿರುತ್ತಾರೆ. ಚೆಂಡು ಹಿಡಿದವರ ಪಟ್ಟಿಯನ್ನು ಕಿತ್ತರೆ ಅವರು ಅಲ್ಲೇ ನಿಲ್ಲಬೇಕು. ಕೀಳಲಾಗದಿದ್ದರೆ ಅವರು ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುತ್ತಾರೆ. ಗಂಡಸು ಮುಟ್ಟಿಸಿದರೆ ಒಂದು ಪಾಯಿಂಟು, ಹೆಂಗಸು ಮುಟ್ಟಿಸಿದರೆ ಎರಡು. ಎಂಥ ಒಳ್ಳೆಯ ನಿಯಮ ಎಂದು ನಾನು ಮೊದಲ ದಿನವೇ ಮೆಚ್ಚಿಕೊಂಡೆ.

ತಂಡಕ್ಕಿಂತ ಮೊದಲು ತಯಾರಾದವರು ಬೆಂಬಲಿಗರು. ಅಂದರೆ ನಾವಿರುವ ಕಾಂಡೋ ಅಪಾರ್ಟ್ಮೆಂಟಿನ ಮತ್ತು ಅಕ್ಕಪಕ್ಕದ ಬ್ಲಾಕುಗಳ ಕನ್ನಡದ ಸಂಸಾರಗಳು. ಚಾಪೆ, ಫ್ಲಾಸ್ಕು, ಉಪ್ಪಿಟ್ಟಿನ ಡಬ್ಬಿ ಹಿಡಿದು ಮೈದಾನದ ಅಂಚಿನಲ್ಲಿ ಕೂರುತ್ತಿದ್ದೆವು. ಚಾಪೆಯ ಮೇಲಿನ ಗಂಡಸರೆಲ್ಲ ಹಿಂದಿನ ತಿಂಗಳವರೆಗೆ ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡಿದವರಲ್ಲ. ಟಿವಿಯಲ್ಲಿ ಒಂದಷ್ಟು ಆಸ್ಟ್ರೇಲಿಯಾದ ಮ್ಯಾಚು ನೋಡಿದ್ದೇ ತಡ, ಯಾವ ಕ್ಲಬ್ಬು ಯಾರನ್ನು ಕೊಂಡು ಕೆಟ್ಟಿತು ಎಂದು ತೀರ್ಪು ಕೊಡಲು ಶುರು ಮಾಡಿದರು. ಬಾಸ್ ಒಂದು ಸಲ ಅವರಿಗೆ ತನ್ನೂರಿನ ಕ್ಲಬ್ಬಿನ ಕತೆ ಹೇಳಿದ್ದ. ಬೇರೆ ಕ್ಲಬ್ಬು ಸಾಕೆಂದು ಬಿಟ್ಟ, ವಯಸ್ಸಾದ ಒಬ್ಬ ಆಟಗಾರನನ್ನು ತಂದಾಗ ಊರೆಲ್ಲ ನಕ್ಕಿತಂತೆ; ಸೀಸನ್ ಮುಗಿಯುವಾಗ ನಕ್ಕವರೇ ಅವನ ನಂಬರಿನ ಜೆರ್ಸಿ ಹಾಕಿಕೊಂಡು ತಿರುಗಿದರಂತೆ. ಕತೆ ಕೇಳಿ ನಮ್ಮವರು ಗಂಭೀರವಾಗಿ ತಲೆಯಾಡಿಸಿದರು. ತಾವಾಗಿದ್ದರೆ ಮೊದಲೇ ಕಂಡುಹಿಡಿಯುತ್ತಿದ್ದೆವು ಎನ್ನುವ ತಲೆಯಾಡಿಕೆ ಅದು.

ಮೊದಲ ಮ್ಯಾಚು ಪಕ್ಕದ ಉಬಿ ಬಡಾವಣೆಯ ಗ್ಯಾರೇಜೊಂದರ ತಂಡದ ಮೇಲೆ. ಅವರ ಲೆಕ್ಕಪತ್ರ ನೋಡುವ ಹುಡುಗಿ ಚೆಂಡು ಹಿಡಿದು ಓಡಿಬಂದಳು. ಎದುರಿಗೆ ನಮ್ಮ ಯಜಮಾನರು. ಕೈ ಮುಂದೆ ಚಾಚಿದರು. ಅದು ಸೊಂಟದ ಹತ್ತಿರ ಹೋಗುವಷ್ಟರಲ್ಲಿ ಅವರಿಗೆ ತಂದೆತಾಯಿ ಕೊಟ್ಟ ಸಂಸ್ಕಾರವೆಲ್ಲ ಒಟ್ಟಿಗೆ ನೆನಪಾಯಿತೆಂದು ಕಾಣುತ್ತದೆ. ಕೈ ಹಿಂದೆ ಬಂತು. ಸಾರಿ ಎಂದು, ಬಸ್ಸಿನಲ್ಲಿ ಹೆಂಗಸರಿಗೆ ಸೀಟು ಬಿಡುವಂತೆ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹುಡುಗಿಗೇ ಆಶ್ಚರ್ಯವಾಗಿ ಒಂದು ಸಲ ತಿರುಗಿ ನೋಡಿ, ಗೆರೆ ದಾಟಿದಳು.

ಇವರೊಬ್ಬರೇ ಅಲ್ಲ. ನಮ್ಮ ಗಂಡಸರೆಲ್ಲ ಹೀಗೇ. ಎದುರು ತಂಡದ ಗಂಡಸು ಬಂದರೆ ಹುಲಿಯಂತೆ ಮೇಲೆ ಬೀಳುವುದು, ಹೆಂಗಸು ಬಂದರೆ ಎರಡೂ ಕೈ ಎದೆಗೆ ತಂದುಕೊಂಡು ಹಿಂದೆ ಸರಿಯುವುದು. ಅರ್ಧ ಆಟ ಮುಗಿಯುವುದರೊಳಗೆ ಉಬಿಯವರಿಗೆ ಗುಟ್ಟು ತಿಳಿಯಿತು; ಚೆಂಡನ್ನು ಹೆಂಗಸರ ಕೈಗಲ್ಲದೆ ಬೇರೆಯವರಿಗೆ ಕೊಡುವುದನ್ನೇ ನಿಲ್ಲಿಸಿದರು. ಸಾಲದ್ದಕ್ಕೆ ಈ ಆಟದಲ್ಲಿ ಪಟ್ಟಿ ಕಿತ್ತಾದ ಮೇಲೆ ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ನಮ್ಮವರು ಪ್ರತಿ ಸಲವೂ ಚೆಂಡಿಗೆ ಕಾಲು ತಾಗಿಸಿ, ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಎದುರಿನವರು ಆರಾಮವಾಗಿ ಸಾಲಾಗಿ ನಿಂತಿರುತ್ತಿದ್ದರು. ಇದು ಏನೋ ಭಾರತೀಯ ತಂತ್ರವಿರಬೇಕೆಂದು ಬಾಸ್ ಬಹಳ ಹೊತ್ತು ನಂಬಿದ್ದ.

ಸೋತು ಮನೆಗೆ ಬಂದವರು ಕುಣಿಯಲಾರದವಳು ನೆಲ ಡೊಂಕು ಅಂದಂತೆ ಮೊದಲು ಹುಲ್ಲನ್ನು ಬೈದರು, ಆಮೇಲೆ ಬಿಸಿಲನ್ನು. ನಾನು ಬಿಡಲಿಲ್ಲ. ಆಗ ಬಾಯಿಬಿಟ್ಟರು: ಪರಸ್ತ್ರೀಯ ಸೊಂಟಕ್ಕೆ ಕೈ ಹಾಕುವುದು ಹೇಗೆ, ಅದೂ ಹೆಂಡತಿಯರೆಲ್ಲ ಚಾಪೆ ಹಾಸಿ ಕೂತು ನೋಡುವಾಗ? ಕೀಳಬೇಕಾದದ್ದು ಪಟ್ಟಿಯನ್ನು, ಸೊಂಟವನ್ನಲ್ಲ ಎಂದೆ. ನಿನಗೆ ಅರ್ಥವಾಗುವುದಿಲ್ಲ ಎಂದರು. ಉಂಡ ತಟ್ಟೆ ತೆಗೆಯುವಾಗ ಎಂದೂ ಕಾಣದ ಮರ್ಯಾದೆ ಮೈದಾನದಲ್ಲಿ ಹೀಗೆ ಉಕ್ಕಿ ಹರಿಯುವುದು ನನಗೆ ನಿಜಕ್ಕೂ ಅರ್ಥವಾಗಲಿಲ್ಲ.

ಹೀಗೆ ಸಾಲಾಗಿ ಸೋತ ಮೇಲೆ ಪರಿಹಾರ ಅವರಿಗೇ ಹೊಳೆಯಿತು. ಹೆಂಗಸರ ಪಟ್ಟಿ ಕೀಳಲು ಹೆಂಗಸರೇ ಬೇಕು. ತಂಡದಲ್ಲಿದ್ದ ಆಫೀಸಿನ ಮೂವರು ಹುಡುಗಿಯರಲ್ಲಿ ಒಬ್ಬಳು ಕೆಲಸ ಬಿಟ್ಟು ಊರಿಗೆ ಹೋಗಿದ್ದಳು, ಉಳಿದಿಬ್ಬರು ಎಲ್ಲ ಕಡೆಗೂ ಸಾಲುತ್ತಿರಲಿಲ್ಲ. ಮೊದಲು ನನ್ನನ್ನು ಕೇಳಿದರು. ಕೂತು ನಗುವ ಕೆಲಸಕ್ಕೂ ಒಬ್ಬರು ಬೇಕಲ್ಲ, ಒಲ್ಲೆ ಎಂದೆ. ಕಾಂಡೋದ ಉಳಿದ ಹೆಂಗಸರಿಗೆ ಒಬ್ಬೊಬ್ಬರಿಗೂ ಮಂಡಿ ನೋವು, ಮಗುವಿನ ಟ್ಯೂಷನ್ನು. ಕೊನೆಗೆ ಯಜಮಾನರು ಪಕ್ಕದ ಬ್ಲಾಕಿನ ಆಂಟಿಯ ಮನೆಯ ಬೆಲ್ ಒತ್ತಿದರು. ಸಾಕ್ಷಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು.

ಆಂಟಿಗೆ ಐವತ್ತು ದಾಟಿತ್ತು. ಗಂಡ ಬ್ಯಾಂಕಿನಲ್ಲಿ ಕೆಲಸ, ಮಗಳು ಹೊರದೇಶದಲ್ಲಿ ಓದು. ಸಿಂಗಪುರದಲ್ಲಿ ನಮಗಿಂತ ಎಷ್ಟೋ ಹಳಬರು. ಕನ್ನಡದವರ ಯಾವ ಕಾರ್ಯಕ್ರಮವಿದ್ದರೂ ಗ್ರೀನ್‌ರೂಮು ಅವರದ್ದು. ಬಾಯಲ್ಲಿ ಸೇಫ್ಟಿ ಪಿನ್ನು ಕಚ್ಚಿಕೊಂಡು, ಸಾಲಾಗಿ ನಿಂತ ಹುಡುಗಿಯರಿಗೆಲ್ಲ ಸೀರೆ ಉಡಿಸಿ, ಸೊಂಟದ ಹತ್ತಿರ ನೆರಿಗೆಯನ್ನು ಒಂದೇ ಸಲ ಎಳೆದು ಸಿಕ್ಕಿಸಿ, ಮುಂದಿನವಳನ್ನು ಕರೆಯುತ್ತಿದ್ದರು. ನನ್ನ ನೆರಿಗೆಯನ್ನೂ ಎಷ್ಟೋ ಸಲ ಬಿಚ್ಚಿ ಮತ್ತೆ ಹಿಡಿದಿದ್ದಾರೆ. ಬೈಯುತ್ತಾರೆ, ಸುಮ್ಮನೆ ನಿಲ್ಲು ಎಂದು ಚಿವುಟುತ್ತಾರೆ. ಸಾಧು ಹೆಂಗಸು ಎಂದು ಅವರನ್ನು ಯಾರೂ ಕರೆದದ್ದಿಲ್ಲ.

ಯಜಮಾನರು ಆಟ ವಿವರಿಸಿ, ಇದು ತಾತ್ಕಾಲಿಕ, ಬೇರೆ ಪ್ಲೇಯರ್ ಸಿಗುವವರೆಗೆ ಮಾತ್ರ ಎಂದರು. ಬೇಡ ಎನ್ನುತ್ತಾರೆಂದು ನಾನು ಎದ್ದು ನಿಂತಿದ್ದೆ. ಆಂಟಿ ಬರುತ್ತೇನೆ ಎಂದರು. ಆದರೆ ಒಂದು ಷರತ್ತು ಹಾಕಿದರು.

“ನೋಡಪ್ಪ, ನನ್ನನ್ನ ಟೀಮಿಂದ ಇಳಿಸೋ ದಿನ ಬಂದ್ರೆ ಇಳಿಸು, ಬೇಜಾರಿಲ್ಲ. ಆದ್ರೆ ಮನೆಗೆ ಬಂದು ಮುಖ ನೋಡಿ ಹೇಳಬೇಕು. ಆಮೇಲೆ ಯಾರ ಬಾಯಿಂದಾನೋ ನಂಗೆ ಗೊತ್ತಾಗಬಾರದು.”

ಅದಕ್ಕೇನು ಆಂಟಿ, ಎಂದು ಯಜಮಾನರು ನಕ್ಕರು. ಬಾಗಿಲವರೆಗೆ ಕಳಿಸಲು ಬಂದಾಗ ಆಂಟಿ ನನಗೊಬ್ಬಳಿಗೇ ಕಾರಣ ಹೇಳಿದರು. ಮಕ್ಕಳಿಗೆ ವರ್ಷವರ್ಷವೂ ಹಬ್ಬದ ನೃತ್ಯ ಕಲಿಸುತ್ತಿದ್ದವರು ಅವರು. ಒಂದು ವರ್ಷ ಸ್ಟೇಜಿನ ಮೈಕಿನಲ್ಲಿ ಬೇರೆಯವರ ಹೆಸರು ಕೂಗಿದಾಗಲೇ ತಮ್ಮನ್ನು ಬಿಟ್ಟಿದ್ದಾರೆಂದು ಅವರಿಗೆ ತಿಳಿದದ್ದು. ಆಗಲೂ ಬಾಯಲ್ಲಿ ಪಿನ್ನಿತ್ತಂತೆ.

“ಇಷ್ಟು ವರ್ಷದಲ್ಲಿ ನನ್ನನ್ನ ಇಲ್ಲಿ ಯಾರೂ ಯಾವುದಕ್ಕೂ ಸೆಲೆಕ್ಟ್ ಮಾಡಿಲ್ಲ ಕಣೆ. ಹೆಲ್ಪ್‌ಗೆ ಕರೀತಾರೆ, ಅಷ್ಟೆ.”

ಆ ಭಾನುವಾರ ಆಂಟಿ ಮೈದಾನಕ್ಕೆ ಬಂದಾಗ ನಮ್ಮ ಚಾಪೆಗಳ ಮೇಲೆ ಹಬ್ಬ. ಟ್ರ್ಯಾಕ್ ಪ್ಯಾಂಟಿನ ಮೇಲೆ ಮಂಡಿ ಮುಟ್ಟುವ ಕುರ್ತಾ, ಅದರ ಮೇಲೆ ಜೆರ್ಸಿ. ಪಟ್ಟಿ ಕಾಣುವುದಿಲ್ಲವೆಂದು ರೆಫರಿ ಕುರ್ತಾವನ್ನು ಪ್ಯಾಂಟಿನೊಳಗೆ ಸೇರಿಸಲು ಹೇಳಿದ. ಸೇರಿಸಿದಾಗ ಆಂಟಿ ತುಂಬಿದ ದಿಂಬಿನಂತೆ ಕಂಡರು. ಒಬ್ಬ ಅಂಕಲ್, ಎದುರು ತಂಡದವರಿಗೆ ಅರಿಶಿನ ಕುಂಕುಮ ಕೊಟ್ಟು ಕಳಿಸುತ್ತಾರೆ ನೋಡಿ ಎಂದರು. ಬ್ಯಾಂಕಿನ ಅಂಕಲ್, ಅಂದರೆ ಆಂಟಿಯ ಸ್ವಂತ ಗಂಡ, ನಗುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆಸ್ಟ್ರೇಲಿಯಾದ ಆ ಕತೆಗೆ ತಲೆಯಾಡಿಸಿದ ಪಂಡಿತರೆಲ್ಲ ಇದೇ ಚಾಪೆಯ ಮೇಲಿದ್ದರು.

ಆಂಟಿ ಓಡಲಿಲ್ಲ. ಓಡುವುದು ಅವರ ಪದ್ಧತಿಯೂ ಅಲ್ಲ. ಗ್ರೀನ್‌ರೂಮಿನಲ್ಲಿ ತಪ್ಪಿಸಿಕೊಂಡು ಹೋಗುವ ಮಕ್ಕಳನ್ನು ಅಟ್ಟಿಸಿಕೊಂಡು ಹೋಗದೆ ಬಾಗಿಲಲ್ಲಿ ನಿಂತು ಹಿಡಿಯುತ್ತಿದ್ದವರು. ಇಲ್ಲೂ ಹಾಗೆಯೇ, ಎದುರಿನವಳು ಎಲ್ಲಿ ಬಂದೇ ಬರಬೇಕೋ ಅಲ್ಲಿ ಹೋಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತರು. ಮೊದಲ ಹುಡುಗಿ ಬಂದಳು, ಬಲಕ್ಕೆ ವಾಲಿ ಎಡಕ್ಕೆ ತಿರುಗಿದಳು. ಆಂಟಿಯ ಕೈ ಬೆಣ್ಣೆಯಿಂದ ಕೂದಲು ತೆಗೆದಂತೆ ಪಟ್ಟಿ ತೆಗೆಯಿತು. ನಿಯಮದ ಪ್ರಕಾರ ಅದನ್ನು ಎತ್ತಿ ತೋರಿಸಿ ನೆಲಕ್ಕೆ ಹಾಕಬೇಕು. ಆಂಟಿ ಅಭ್ಯಾಸಬಲದಿಂದ ಹುಡುಗಿಯನ್ನು ಹತ್ತಿರಕ್ಕೆಳೆದು, ಪಟ್ಟಿಯನ್ನು ಮತ್ತೆ ಸೊಂಟಕ್ಕೆ ನೀಟಾಗಿ ಅಂಟಿಸಿ, ಬೆನ್ನ ಹಿಂದೆ ಮುದುಡಿದ ಜೆರ್ಸಿಯನ್ನೂ ಸರಿಮಾಡಿ ಕಳಿಸಿದರು. ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ಊದುವುದನ್ನು ಮರೆತ.

ಆ ದಿನ ಆಂಟಿಯನ್ನು ದಾಟಿ ಹೋದವಳು ಒಬ್ಬಳೂ ಇಲ್ಲ. ನಾವು ಗೆದ್ದೆವು. ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ನಮ್ಮ ಚಾಪೆಯವರನ್ನು ಮೀರಿಸುವವರಿಲ್ಲ. ಅರಿಶಿನ ಕುಂಕುಮದ ಅಂಕಲ್, ಆಂಟಿಯ ನಿಲುವು ನೋಡಿದಾಗಲೇ ತಮಗೆ ಅನ್ನಿಸಿತ್ತು ಎಂದರು. ಬ್ಯಾಂಕಿನ ಅಂಕಲ್ ತಮ್ಮ ಹೆಂಡತಿಯ ಪ್ರತಿಭೆಯನ್ನು ಮದುವೆಯ ವರ್ಷವೇ ಗುರುತಿಸಿದ್ದಾಗಿ ಹೇಳಿಕೊಂಡರು. ಮುಂದಿನ ವಾರಗಳಲ್ಲಿ ನಾವು ಗೆಲ್ಲುತ್ತಲೇ ಹೋದೆವು, ಬಾಸ್ ಆಂಟಿಯನ್ನು ಕಂಡಾಗಲೆಲ್ಲ ಎದ್ದು ನಿಲ್ಲತೊಡಗಿದ. ಆಂಟಿ ಹೊಸ ಶೂ ಕೊಂಡರು. ಜೆರ್ಸಿಯನ್ನು ತಾವೇ ಒಗೆದು, ಇಸ್ತ್ರಿ ಮಾಡಿ, ಮಡಿಚಿ ತರುತ್ತಿದ್ದರು. ಅದರ ನಂಬರು ಕಾಣುವಂತೆ ನಿಂತು ಮಗಳಿಗೆ ಕಳಿಸಲು ನನ್ನ ಕೈಲಿ ಫೋಟೊ ತೆಗೆಸಿಕೊಂಡರು.

ಸೀಸನ್ನಿನ ಕೊನೆಯ ಮ್ಯಾಚು ಟೋವಾ ಪಾಯೋದ ಬಡಾವಣೆ ತಂಡದ ಮೇಲೆ. ಗೆದ್ದರೆ ನಾವು ಮೇಲಿನ ದರ್ಜೆಗೆ ಹೋಗಬಹುದಿತ್ತು; ಅವರಿಗೆ ಆ ಅವಕಾಶ ಆಗಲೇ ಕೈತಪ್ಪಿತ್ತು. ಆ ವಾರ ಆಸ್ಟ್ರೇಲಿಯಾದ ಆಫೀಸಿನಿಂದ ಒಬ್ಬ ಹುಡುಗಿ ಪಾಯಾ ಲೆಬಾರ್‌ಗೆ ಶಿಫ್ಟ್ ಆಗಿ ಬಂದಳು. ಚಿಕ್ಕಂದಿನಿಂದ ನಿಜವಾದ ರಗ್ಬಿ ಲೀಗ್ ಆಡಿದವಳು. ಯಜಮಾನರಿಗೆ ಊಟ ಸೇರಲಿಲ್ಲ, ಅಷ್ಟು ಖುಷಿ. ಆಂಟಿಯನ್ನು ಇಳಿಸಿ ಅವಳನ್ನು ಆಡಿಸುವುದೆಂದು ತೀರ್ಮಾನ ಮಾಡಿದರು. ಹೋಗಿ ಹೇಳಿ ಬನ್ನಿ ಎಂದೆ. ಶುಕ್ರವಾರ ಮೀಟಿಂಗ್ ಇತ್ತು. ಶನಿವಾರ ಆಂಟಿ ಮನೆಯಲ್ಲಿ ಅತಿಥಿಗಳಿರಬಹುದು ಎಂದರು. ಭಾನುವಾರ ಬೆಳಿಗ್ಗೆ ತಂಡದ ಗ್ರೂಪಿನಲ್ಲಿ ಆಡುವವರ ಹೆಸರು ಹಾಕಿ, ಎಲ್ಲರಿಗೂ ಗೊತ್ತಾಯಿತಲ್ಲ ಎಂದು ನಿರಾಳವಾದರು. ಹೊಳೆ ದಾಟಿದ ಮೇಲೆ ಅಂಬಿಗ ಯಾರಿಗೆ ನೆನಪಿರುತ್ತಾನೆ. ಹೊಳೆಯನ್ನು ಇನ್ನೂ ದಾಟಿರಲಿಲ್ಲ ಎನ್ನುವುದು ಬೇರೆ ಮಾತು.

ಆಂಟಿ ಮೊಬೈಲ್ ನೋಡಿರಲಿಲ್ಲ. ಇಡೀ ತಂಡಕ್ಕೆ ಪುಳಿಯೋಗರೆ ಕಲಸುತ್ತಿದ್ದರು. ಜೆರ್ಸಿ ತೊಟ್ಟು, ಕುರ್ತಾ ಇಲ್ಲದೆ, ಹೊಸ ಶೂ ಬಿಗಿದು, ಡಬ್ಬಿ ಹಿಡಿದು ಮೈದಾನಕ್ಕೆ ಬಂದರು. ಸಾಲಿನಲ್ಲಿ ನಿಲ್ಲಲು ಹೋದಾಗ ಅವರ ಜಾಗದಲ್ಲಿ ಆ ಹುಡುಗಿ ಕೈಕಾಲು ಸಡಿಲಿಸುತ್ತಿದ್ದಳು. ಅವಳೇ ಪಾಪ, ಏನೂ ಗೊತ್ತಿಲ್ಲದೆ, ನೀವು ನೋಡಲು ಬಂದಿರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಯಜಮಾನರು ಶೂ ಲೇಸಿನಲ್ಲಿ ಮುಳುಗಿದ್ದರು. ಆಂಟಿ ತಿರುಗಿ ಬಂದು ನನ್ನ ಪಕ್ಕ ಚಾಪೆಯ ಮೇಲೆ ಕೂತರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಚ್ಚಳವನ್ನು ಒತ್ತುತ್ತಲೇ ಇದ್ದರು. ನನಗೆ ಗಂಡನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರು ತಂಡ ಗೆಲ್ಲಲಿ ಎಂದು ದೇವರಲ್ಲಿ ಕೇಳಿಕೊಂಡೆ.

ದೇವರು ತಡಮಾಡಲಿಲ್ಲ. ಆ ಹುಡುಗಿ ಅದ್ಭುತವಾಗಿ ಆಡಿದಳು, ಸುಳ್ಳು ಹೇಳಬಾರದು. ಆದರೆ ಅವಳು ಒಂದು ಕಡೆ ಒಬ್ಬಳನ್ನು ಹಿಡಿಯುವಾಗ ಇನ್ನೊಂದು ಕಡೆ ಟೋವಾ ಪಾಯೋದ ಹೆಂಗಸರು ನಮ್ಮ ಮರ್ಯಾದಸ್ಥರ ನಡುವೆ ಮಾರ್ಕೆಟ್ಟಿಗೆ ಹೊರಟವರಂತೆ ನಡೆದು ಹೋದರು. ಅಷ್ಟರಲ್ಲಿ ಸಿಡಿಲಿನ ಎಚ್ಚರಿಕೆಯ ಸೈರನ್ ಕೂಗಿತು. ನಿಯಮದಂತೆ ಎಲ್ಲರೂ ಮೈದಾನ ಬಿಟ್ಟು ಹತ್ತಿರದ ಬ್ಲಾಕಿನ ಕೆಳಗೆ ಗೋಡೆಯಿಲ್ಲದೆ ತೆರೆದಿರುವ ವಾಯ್ಡ್ ಡೆಕ್‌ಗೆ ಓಡಿದೆವು.

ಅಲ್ಲಿ, ಕಂಬಗಳ ನಡುವೆ ಎರಡೂ ತಂಡಗಳು ಒಟ್ಟಿಗೆ ನಿಂತಿದ್ದಾಗ, ಯಜಮಾನರು ಕೊನೆಗೂ ಆಂಟಿಯ ಹತ್ತಿರ ಬಂದರು. ಮಳೆ ನಿಂತ ಮೇಲೆ ಉಳಿದ ಆಟಕ್ಕೆ ಬರುತ್ತೀರಾ ಎಂದು ಕೇಳಿದರು.

“ಕೇಳೋಕೆ ಬರಕ್ಕಾಯ್ತು ನಿಂಗೆ” ಎಂದರು ಆಂಟಿ. “ಹೇಳೋಕೆ ಬರಕ್ಕಾಗಲಿಲ್ವಾ?”

ಆಂಟಿ ಕಾಗದದ ತಟ್ಟೆಗೆ ಪುಳಿಯೋಗರೆ ಬಡಿಸಿ ಯಜಮಾನರ ಕೈಗಿಟ್ಟರು, ಎರಡೂ ತಂಡಕ್ಕೆ ಬಡಿಸಿದರು, ಆಟಕ್ಕೆ ಮಾತ್ರ ಹೋಗಲಿಲ್ಲ. ಟೋವಾ ಪಾಯೋ ತಂಡದ ಕ್ಯಾಪ್ಟನ್ ಒಬ್ಬರು ನಿವೃತ್ತ ಪಿ.ಟಿ. ಟೀಚರು, ಆಂಟಿಯ ವಯಸ್ಸಿನ ಚೀನೀ ಹೆಂಗಸು. ಅವರು ತಟ್ಟೆ ಹಿಡಿದು ಆಂಟಿಯ ಜೆರ್ಸಿಯನ್ನೂ ಶೂವನ್ನೂ ನೋಡಿದರು, ಯಾಕೆ ಆಡುತ್ತಿಲ್ಲ ಎಂದು ಕೇಳಿದರು. ಇಳಿಸಿದ್ದಾರೆ ಎಂದರು ಆಂಟಿ. ಆಕೆ ತಿನ್ನುವುದನ್ನು ನಿಲ್ಲಿಸಿ ಸಿಂಗಪುರದ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: “ದೆನ್ ಪ್ಲೇ ಫಾರ್ ಅಸ್ ಲಾ.”

ಅದು ತಮಾಷೆಯೆಂದು ನಾವೆಲ್ಲ ನಕ್ಕೆವು. ಆಂಟಿ ನಗಲಿಲ್ಲ. ಆಟ ಮುಗಿದ ಮೇಲೆ ನಮ್ಮವರು ಸೋತ ಮುಖ ಹೊತ್ತು ಬ್ಯಾಗು ತುಂಬುವಾಗ, ಆಂಟಿ ತಾವಿನ್ನು ಟೋವಾ ಪಾಯೋ ಕಡೆಗೆಂದೂ, ತೊಟ್ಟಿದ್ದ ನಮ್ಮ ಜೆರ್ಸಿಯನ್ನು ಒಗೆದು ಕಳಿಸುವುದಾಗಿಯೂ ಯಜಮಾನರ ಮುಖ ನೋಡಿ ಹೇಳಿದರು. ಎರಡು ದಿನದ ಮೇಲೆ ಅದು ಇಸ್ತ್ರಿಯಾಗಿ ಬಂತು.

ಮುಂದಿನ ವರ್ಷ ಅದೇ ಲೀಗು, ಅದೇ ಮೈದಾನ, ಎದುರಿಗೆ ಟೋವಾ ಪಾಯೋ. ಆಂಟಿ ಅವರ ಹಳದಿ ಜೆರ್ಸಿಯಲ್ಲಿದ್ದರು. ಕಾಲು ಸ್ವಲ್ಪ ಚುರುಕಾಗಿತ್ತು. ಆ ಟೀಚರು ಬೆಳಗಿನ ಹೊತ್ತು ಓಡಿಸುತ್ತಿದ್ದರಂತೆ. ಚಾಪೆಯ ಮೇಲೆ ಬ್ಯಾಂಕಿನ ಅಂಕಲ್ ಯಾವ ಕಡೆ ಕೂರುವುದೆಂದು ತಿಳಿಯದೆ ನಡುವೆ ಕುರ್ಚಿ ಹಾಕಿಸಿಕೊಂಡಿದ್ದರು. ಉಳಿದ ಪಂಡಿತರು, ಆಂಟಿಯನ್ನು ಬಿಟ್ಟುಕೊಟ್ಟದ್ದು ಐತಿಹಾಸಿಕ ತಪ್ಪು, ತಾವು ಆಗಲೇ ಹೇಳಿದ್ದೆವು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು.

ನಮ್ಮ ಹುಡುಗಿಯರೆಲ್ಲ ಆಚೆ ಬದಿಯಲ್ಲಿದ್ದಾಗ ಆಂಟಿಯ ಕೈಗೆ ಚೆಂಡು ಬಂತು. ನಮ್ಮ ಗಂಡಸರಿಗೆ ಪರಸ್ತ್ರೀಯೇ ಕಷ್ಟ, ಇನ್ನು ಆಂಟಿಯ ಸೊಂಟಕ್ಕೆ ಕೈ ಹಾಕುವುದುಂಟೇ. ಒಬ್ಬರು ಸರಿದರು, ಇನ್ನೊಬ್ಬರು ಸರಿದರು. ಮೂರನೆಯವರಂತೂ ನಮಸ್ಕಾರ ಆಂಟಿ ಎಂದೇಬಿಟ್ಟರು. ಕೊನೆಗೆ ಗೆರೆಯ ಹತ್ತಿರ ಉಳಿದವರು ನಮ್ಮ ಯಜಮಾನರು. ಅವರೂ ತಲೆ ತಗ್ಗಿಸಿ ಪಕ್ಕಕ್ಕೆ ಹೆಜ್ಜೆಯಿಟ್ಟರು.

ಗೆರೆ ಒಂದು ಹೆಜ್ಜೆಯಿರುವಾಗ ಆಂಟಿ ನಿಂತುಬಿಟ್ಟರು. ಏದುಸಿರು ಬಿಡುತ್ತ ಯಜಮಾನರ ಕಡೆ ತಿರುಗಿದರು.

“ಯಾಕೋ ಪಕ್ಕಕ್ಕೆ ಹೋಗ್ತೀಯಾ? ನಾನೇನು ಮೆರವಣಿಗೇಲಿ ಬರ್ತಿದ್ದೀನಾ? ಮ್ಯಾಚ್ ಆಡ್ತಿದ್ದೀನಿ. ಹಿಡಿ.”

ಯಜಮಾನರ ಕೈ ಮೇಲೆ ಬಂತು, ಅಲ್ಲೇ ನಿಂತಿತು. ಮೈದಾನದ ಮಧ್ಯೆ, ಬಾಸ್‌ನ ಎದುರು, ಅವರ ಬಾಯಿಂದ ಬೇರೆಯೇ ಮಾತು ಬಂತು.

“ಆಂಟಿ, ಹೋದ ವರ್ಷ ನಾನೇ ಮನೆಗೆ ಬಂದು ಹೇಳಬೇಕಿತ್ತು. ನಂದೇ ತಪ್ಪು.”

ಆಂಟಿ ಅವರ ಮುಖವನ್ನೇ ನೋಡುತ್ತ ನಿಂತರು. ಕಣ್ಣು ತುಂಬಿತ್ತು, ನನಗೆ ಚಾಪೆಯಿಂದಲೇ ಕಾಣುತ್ತಿತ್ತು. “ಈಗಾದ್ರೂ ಹೇಳಿದ್ಯಲ್ಲ” ಎಂದವರೇ ಉಳಿದ ಆ ಒಂದು ಹೆಜ್ಜೆ ಮುಂದಿಟ್ಟು, ಬಗ್ಗಿ, ಚೆಂಡನ್ನು ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರು. ಎರಡು ಪಾಯಿಂಟು.

ನಾನು ಎದ್ದು ನಿಂತು ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದೆ. ನಮ್ಮ ಯಜಮಾನರು ತಪ್ಪೊಪ್ಪಿಕೊಂಡದ್ದನ್ನು ಮದುವೆಯಾದ ಮೇಲೆ ಕೇಳಿದ್ದು ಅದೇ ಮೊದಲು. ಅದಕ್ಕೆ ಆಂಟಿ ಎದುರು ತಂಡ ಸೇರಬೇಕಾಯಿತು.